ಮಂಗಳೂರಿನ ಹೊರವಲಯದಲ್ಲಿ ಮನೆ: ಸೇತುವೆಯ ಈಚೆಯೋ, ಆಚೆಯೋ?

ಮಂಗಳೂರಿನಲ್ಲಿ ಮನೆ ಹುಡುಕುವವರು ಮೊದಲು ಕೇಳುವ ಪ್ರಶ್ನೆ ಒಂದೇ. ಪೇಟೆಯ ನಡುವಿನ ಹಂಪನಕಟ್ಟೆಯಿಂದ ಎಷ್ಟು ಕಿಲೋಮೀಟರ್? ಬ್ರೋಕರ್ ಕೂಡ ಅದನ್ನೇ ಹೇಳುತ್ತಾನೆ. "ಸಿಟಿಯಿಂದ ಬರೀ ಎಂಟು ಕಿಲೋಮೀಟರ್ ಸರ್, ಹದಿನೈದು ನಿಮಿಷ." ಹದಿನೈದು ನಿಮಿಷ ನಿಜವೇ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ.

ಈ ಊರಿಗೆ ದಕ್ಷಿಣದಲ್ಲಿ ನೇತ್ರಾವತಿ, ಉತ್ತರದಲ್ಲಿ ಫಲ್ಗುಣಿ, ಪಶ್ಚಿಮದಲ್ಲಿ ಕಡಲು. ನಡುವೆ ಗುಡ್ಡೆಗಳ ಮೇಲೆ ಪೇಟೆ. ಒಳಗೆ ಬರುವುದಕ್ಕೆ ಇರುವ ದೊಡ್ಡ ದಾರಿಗಳು ಬೆರಳೆಣಿಕೆಯಷ್ಟು. ದಕ್ಷಿಣದಿಂದ ನೇತ್ರಾವತಿ ಸೇತುವೆ, ಉತ್ತರದಿಂದ ಕೂಳೂರು ಸೇತುವೆ, ವಿಮಾನ ನಿಲ್ದಾಣದ ಕಡೆಯಿಂದ ಮರವೂರು ಸೇತುವೆ, ಪೂರ್ವದಿಂದ ನಂತೂರು ಮತ್ತು ಪಡೀಲ್. ನೀವು ಯಾವ ಏರಿಯಾ ಆರಿಸಿದರೂ ಅದರ ಜೊತೆಗೆ ಒಂದು ಸೇತುವೆಯೋ ಸರ್ಕಲ್ಲೋ ನಿಮ್ಮ ಪಾಲಿಗೆ ಬರುತ್ತದೆ. ಹಾಗಾಗಿ ನಾನು ಕಿಲೋಮೀಟರ್ ಕೇಳುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ಗಂಡ ಹೆಂಡತಿ ನೀವಿಬ್ಬರೂ ಯಾವ ಸರ್ಕಲ್ ದಾಟಬೇಕು ಅಂತ ಕೇಳುತ್ತೇನೆ.

ಕದ್ರಿ, ಬಿಜೈ, ಬೆಂದೂರು, ಫಳ್ನೀರು ಇಲ್ಲಿ ಚರ್ಚೆಗೆ ಬರುವುದಿಲ್ಲ. ಚಿಕ್ಕ ಮಗು, ಒಂದೋ ಒಂದೂವರೆಯೋ ಸಂಬಳ, ತಲೆ ಮೇಲೆ ಸಾಲ ಇರುವವರಿಗೆ ಆ ಬೆಲೆ ಎಟುಕುವುದಿಲ್ಲ. ಆಯ್ಕೆ ಇರುವುದು ಅದರ ಹೊರಗಿನ ಸುತ್ತಿನಲ್ಲಿ. ಚದರಡಿಯ ದರ ನಾನು ಬರೆಯುವುದಿಲ್ಲ, ಆರು ತಿಂಗಳಲ್ಲಿ ಹಳಸುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸರಕಾರದ ಮಾರ್ಗಸೂಚಿ ದರ ಸಿಗುತ್ತದೆ. ಮಾರುಕಟ್ಟೆ ದರ ಸಾಮಾನ್ಯವಾಗಿ ಅದಕ್ಕಿಂತ ಮೇಲೇ ಇರುತ್ತದೆ. ಆದರೂ ಎರಡು ಏರಿಯಾ ಹೋಲಿಸಲು ಅದು ಸಾಕು.

ದಕ್ಷಿಣ: ತೊಕ್ಕೊಟ್ಟು, ಕುತ್ತಾರು, ದೇರಳಕಟ್ಟೆ

ಸೇತುವೆ ದಾಟಿದ ಕೂಡಲೇ ಬೆಲೆ ಇಳಿಯುತ್ತದೆ. ಬಾಡಿಗೆಯೂ ಇಳಿಯುತ್ತದೆ. ತೊಕ್ಕೊಟ್ಟು ಜಂಕ್ಷನ್ ಈಗ ಒಂದು ಸಣ್ಣ ಪೇಟೆಯೇ. ತರಕಾರಿ, ಮೀನು, ಬಟ್ಟೆ, ಮಕ್ಕಳ ಡಾಕ್ಟರ್, ಎಲ್ಲ ಅಲ್ಲೇ. ಉಳ್ಳಾಲ, ತಲಪಾಡಿ, ಕೊಣಾಜೆ, ಮುಡಿಪು ಬಸ್ಸುಗಳೆಲ್ಲ ಅಲ್ಲಿಂದಲೇ ಹೋಗಬೇಕು. ಹಾಗಾಗಿ ಪೇಟೆಯ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್‌ಗೆ ಬಸ್ ಕಾಯುವ ಕಷ್ಟ ಇಲ್ಲ. ಸೀಟು ಸಿಗುವ ಮಾತು ಬೇರೆ. ಎಂಟೂವರೆಯ ಬಸ್ಸಿನಲ್ಲಿ ಕಾಲೇಜು ಮಕ್ಕಳ ಬ್ಯಾಗ್‌ಗಳ ನಡುವೆ ಪುಟ್ಟ ಮಗುವನ್ನು ಎತ್ತಿಕೊಂಡು ನಿಲ್ಲುವುದು ಹೇಗಿರುತ್ತದೆ ಅಂತ ಒಮ್ಮೆ ಹತ್ತಿ ನೋಡಿ. ಕಂಡಕ್ಟರ್ ವಿಸಿಲ್ ಊದಿದ ಮೇಲೆ ಯಾರಿಗಾಗಿಯೂ ನಿಲ್ಲುವುದಿಲ್ಲ.

ಬಸ್ಸಿನ ಲೆಕ್ಕದಲ್ಲಿ ಹೊರಗಿನಿಂದ ಬಂದವರು ಮರೆಯುವ ವಿಷಯ ಒಂದಿದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿಗೆ ಮಾತ್ರ. ಮಂಗಳೂರಿನ ಸಿಟಿ ಬಸ್ಸುಗಳು ಬಹುತೇಕ ಖಾಸಗಿ. ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಬಂದ ಮಹಿಳೆಯರು ತಿಂಗಳ ಖರ್ಚಿನಲ್ಲಿ ಬಸ್ ದುಡ್ಡನ್ನು ಮತ್ತೆ ಸೇರಿಸಿಕೊಳ್ಳಬೇಕು.

ಈ ಕಡೆ ನಿಜವಾಗಿ ಲಾಭ ಆಗುವುದು ಯಾರಿಗೆ? ಮನೆಯಲ್ಲಿ ಒಬ್ಬರಾದರೂ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳಲ್ಲೋ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲೋ, ಮುಡಿಪಿನ ಇನ್ಫೋಸಿಸ್‌ನಲ್ಲೋ ಕೆಲಸ ಮಾಡುತ್ತಿದ್ದರೆ. ಆಗ ಅವರು ಬೆಳಿಗ್ಗೆ ಎಲ್ಲರಿಗೂ ಎದುರು ದಿಕ್ಕಿನಲ್ಲಿ ಹೋಗುತ್ತಾರೆ. ಇನ್ನೊಂದು ಅನುಕೂಲ, ರಾತ್ರಿ ಎರಡು ಗಂಟೆಗೆ ಮಗುವಿಗೆ ಜ್ವರ ಏರಿದರೆ ಸೇತುವೆ ದಾಟಬೇಕಿಲ್ಲ. ಕೆ.ಎಸ್. ಹೆಗ್ಡೆ, ಯೇನೆಪೋಯ, ಕಣಚೂರು ಮೂರೂ ಆಸ್ಪತ್ರೆಗಳು ಅಲ್ಲೇ ಅಕ್ಕಪಕ್ಕ. ಆದರೆ ಇಬ್ಬರಿಗೂ ಪೇಟೆಯಲ್ಲೇ ಕೆಲಸ, ಮಗುವಿನ ಶಾಲೆಯೂ ಪೇಟೆಯಲ್ಲೇ ಅಂದರೆ ನಾನು ಈ ಕಡೆ ಸೂಚಿಸುವುದಿಲ್ಲ. ದಿನಾ ಎರಡು ಸಲ ಸೇತುವೆ, ಆಮೇಲೆ ಪಂಪ್‌ವೆಲ್. ಜಪ್ಪಿನಮೊಗರಿನಲ್ಲಿ ಎಡಕ್ಕೆ ತಿರುಗಿ ಮಹಾಕಾಳಿಪಡ್ಪು, ಮೋರ್ಗನ್ಸ್ ಗೇಟ್ ಮೇಲೆ ಹೋಗುವ ಒಳದಾರಿ ಇದೆ. ನಡುವೆ ರೈಲು ಹಳಿ ಇದೆ, ಅದನ್ನು ದಾಟಲು ಎಷ್ಟು ಹೊತ್ತು ಬೇಕು ಅಂತ ಕೆಲಸದ ದಿನವೇ ಹೋಗಿ ನೋಡಿಕೊಳ್ಳಿ. ಪಂಪ್‌ವೆಲ್ ಮೇಲ್ಸೇತುವೆ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಹತ್ತು ವರ್ಷದ ಹತ್ತಿರ ಎಳೆದು, ಊರೆಲ್ಲ ನಕ್ಕು ನಕ್ಕು ಸುಸ್ತಾದ ಮೇಲೆ 2020ರ ಜನವರಿಯಲ್ಲಿ ತೆರೆಯಿತು. ಮೇಲೆ ಹೋಗುವವರಿಗೆ ಸುಖ, ಕೆಳಗೆ ಕಂಕನಾಡಿಗೆ ತಿರುಗುವವರಿಗೆ ಅದೇ ಬ್ಲಾಕ್.

ಕೊಣಾಜೆ ಆಚೆ ಜಾಗ ನೋಡುವವರು ಹರೇಕಳ-ಅಡ್ಯಾರ್ ನಡುವಿನ ಕಿಂಡಿ ಅಣೆಕಟ್ಟಿನ ಸೇತುವೆಯನ್ನು ಗಮನಿಸಿ. ಮೊದಲು ದೋಣಿಯಲ್ಲಿ ದಾಟುತ್ತಿದ್ದ ಹೊಳೆ ಅದು. ಈಗ ತೊಕ್ಕೊಟ್ಟಿಗೆ ಬಾರದೇ ನೇರ ಅಡ್ಯಾರಿನಲ್ಲಿ ಹೆದ್ದಾರಿ ಸೇರಬಹುದು. ಹರೇಕಳ ಅಂದರೆ ಕಿತ್ತಳೆ ಮಾರಿ ಶಾಲೆ ಕಟ್ಟಿಸಿದ ಪದ್ಮಶ್ರೀ ಹಾಜಬ್ಬರ ಊರು. ಆ ನ್ಯೂಪಡ್ಪು ಶಾಲೆ ಸರಕಾರಿ ಶಾಲೆ. ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಹಾಕುವ ಮನಸ್ಸಿದ್ದರೆ ಹೋಗಿ ನೋಡಿ ಬನ್ನಿ.

ಕಡಲಿನ ಪಕ್ಕ ಬೇಡ. ಉಳ್ಳಾಲ, ಸೋಮೇಶ್ವರ, ಉಚ್ಚಿಲ ತೀರದಲ್ಲಿ ಅಗ್ಗಕ್ಕೆ ಜಾಗ ಇದೆ ಅಂತ ಯಾರಾದರೂ ತೋರಿಸಿದರೆ ಯಾಕೆ ಅಗ್ಗ ಅಂತ ಕೇಳಿ. ಪ್ರತಿ ಮಳೆಗಾಲ ಕಡಲ್ಕೊರೆತದ ಸುದ್ದಿ ಬರುವುದು ಅಲ್ಲಿಂದಲೇ. ತೀರದಿಂದ ಸ್ವಲ್ಪ ಒಳಗೆ ಬಂದರೂ ಗೇಟು, ಕಿಟಕಿಯ ಸರಳು, ಎ.ಸಿ. ಎಲ್ಲ ತುಕ್ಕು ಹಿಡಿಯುತ್ತವೆ. ಬಾವಿ ನೀರು ಏಪ್ರಿಲ್‌ನಲ್ಲಿ ಉಪ್ಪಾಗುತ್ತದೆಯಾ ಅಂತ ಪಕ್ಕದ ಮನೆಯವರನ್ನು ಕೇಳಿ, ಮಾರುವವರನ್ನಲ್ಲ.

ಗುಡ್ಡೆ ಕಡಿದ ಜಾಗ

ದಕ್ಷಿಣದ ಮಾತು ಬಂದಾಗ ಇದನ್ನು ಹೇಳಲೇಬೇಕು. ಉಳಿದ ಕಡೆಗೂ ಇದು ಅನ್ವಯಿಸುತ್ತದೆ. 2024ರ ಜೂನ್‌ನಲ್ಲಿ ಕುತ್ತಾರು ಮದನಿನಗರದಲ್ಲಿ ಪಕ್ಕದ ಮನೆಯ ಗೋಡೆ ಕುಸಿದು ಬಿದ್ದು ಒಂದೇ ಕುಟುಂಬದ ನಾಲ್ವರು ತೀರಿಹೋದರು. 2025ರ ಮೇ ಕೊನೆಯಲ್ಲಿ ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡೆ ಮನೆಯ ಮೇಲೆ ಜರಿದು ಒಂದೇ ಮನೆಯ ಮೂವರು ಹೋದರು. ಅವರಲ್ಲಿ ಇಬ್ಬರು ಪುಟ್ಟ ಮಕ್ಕಳು.

ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೇಲೆ ಗಟ್ಟಿ ಕೆಂಪುಕಲ್ಲು, ಅದರ ಕೆಳಗೆ ಕೆಲವು ಕಡೆ ಮೆತ್ತಗಿನ ಜೇಡಿಮಣ್ಣು. ಗುಡ್ಡೆಯನ್ನು ಜೆಸಿಬಿಯಲ್ಲಿ ನೇರ ಕಡಿದು ಐದು ಸೆಂಟ್ಸ್‌ನ ಸೈಟು ಮಾಡಿದರೆ ಬೇಸಿಗೆಯಲ್ಲಿ ನೋಡುವುದಕ್ಕೆ ತುಂಬ ಚಂದ. ಹಿಂದೆ ಕೆಂಪು ಗೋಡೆ, ಮುಂದೆ ಸಮತಟ್ಟು ಅಂಗಳ. ಅದೇ ಜಾಗಕ್ಕೆ ಜುಲೈಯಲ್ಲಿ ಹೋಗಿ. ಅಡುಗೆಮನೆಯ ಹಿಂದೆ ನಿಂತು ಧರೆಯನ್ನು ಬುಡದಿಂದ ಮೇಲಕ್ಕೆ ನೋಡಿ. ಬುಡದಲ್ಲಿ ನೀರು ಒಸರುತ್ತಿದೆಯಾ? ಕೆಂಪುಕಲ್ಲು ಮುಗಿದು ಹಳದಿ, ಬಿಳಿ ಮಣ್ಣು ಶುರುವಾಗುವ ಗೆರೆ ಕಾಣುತ್ತದೆಯಾ? ಮೇಲಿನ ಅಂಚಿನಲ್ಲಿ ತೆಂಗಿನ ಬೇರು ಗಾಳಿಯಲ್ಲಿ ನೇತಾಡುತ್ತಿದೆಯಾ? ಮೇಲಿನ ಮನೆಯವರ ಅಂಗಳದ ನೀರು ಎಲ್ಲಿಂದ ಇಳಿಯುತ್ತದೆ? ತಡೆಗೋಡೆ ಕಟ್ಟಿದ್ದರೆ ಅದರಲ್ಲಿ ನೀರು ಹೊರಬರಲು ಪೈಪುಗಳಿವೆಯಾ, ಅಥವಾ ಸುಮ್ನೆ ಕಲ್ಲು ಪೇರಿಸಿ ಸಿಮೆಂಟು ಬಳಿದಿದ್ದಾರಾ? ಬ್ರೋಕರ್ ಕೊಡೆ ಹಿಡಿದು "ಬನ್ನಿ ಸರ್, ಒದ್ದೆ ಆಗ್ತೀರಿ" ಅಂತಾನೆ. ಒದ್ದೆ ಆಗಲಿ.

ಉತ್ತರ: ಕೂಳೂರಿನ ಈಚೆ ಮತ್ತು ಆಚೆ

ಉತ್ತರದ ಕಡೆ ಇರುವುದು ಎರಡು ಬೇರೆ ಬೇರೆ ಪ್ರಪಂಚಗಳು. ಸೇತುವೆಯ ಈಚೆ ಕೋಡಿಕಲ್, ಬಂಗ್ರಕೂಳೂರು, ಪಂಜಿಮೊಗರು, ಕಾವೂರು. ಆಚೆ ಕುಳಾಯಿ, ಹೊಸಬೆಟ್ಟು, ಸುರತ್ಕಲ್.

ಸುರತ್ಕಲ್ ಮಂಗಳೂರು ಪಾಲಿಕೆಯ ಒಳಗೇ ಇದ್ದರೂ ಅದು ಸ್ವಂತ ಊರು. ಸ್ವಂತ ಪೇಟೆ, ಸ್ವಂತ ರೈಲ್ವೆ ಸ್ಟೇಷನ್, ಎನ್‌ಐಟಿಕೆ (ಇಂಜಿನಿಯರಿಂಗ್ ಸಂಸ್ಥೆ) ಬೀಚ್. ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ, ಬಂದರು, ಬೈಕಂಪಾಡಿ ಕೈಗಾರಿಕಾ ಪ್ರದೇಶ, ಎನ್‌ಐಟಿಕೆ ಇವುಗಳಲ್ಲಿ ಕೆಲಸ ಇದ್ದರೆ ಎರಡು ಬಾರಿ ಯೋಚಿಸಬೇಡಿ, ಅಲ್ಲೇ ಇರಿ. ಎನ್‌ಐಟಿಕೆ ಕ್ಯಾಂಪಸ್‌ನಲ್ಲೇ ಇಂಗ್ಲಿಷ್ ಮಾಧ್ಯಮ ಶಾಲೆ ಇದೆ. ಕೇಂದ್ರ ಸರಕಾರಿ ನೌಕರರಿಗೆ ಪಣಂಬೂರಿನಲ್ಲಿ ಕೇಂದ್ರೀಯ ವಿದ್ಯಾಲಯ ಇದೆ. ಜನರ ಹೋರಾಟದ ಮೇಲೆ 2022ರ ಡಿಸೆಂಬರ್‌ನಲ್ಲಿ ಸುರತ್ಕಲ್ ಟೋಲ್ ಗೇಟ್ ಬಂದ್ ಆಯಿತು, ದಿನಾ ಹೋಗಿ ಬರುವವರಿಗೆ ಅದು ದೊಡ್ಡ ಉಳಿತಾಯ. ಆದರೆ ಇಬ್ಬರೂ ಹಂಪನಕಟ್ಟೆಗೆ ಹೋಗಬೇಕಾದರೆ ದಿನಾ ಒಂದು ಕಡೆಗೇ ಸುಮಾರು ಹದಿನಾರು ಕಿಲೋಮೀಟರ್, ಬಂದರಿನ ಲಾರಿಗಳ ಜೊತೆ ಕೂಳೂರು ಸೇತುವೆ, ಆಮೇಲೆ ಕೊಟ್ಟಾರ ಚೌಕಿ. ಅಲ್ಲಿ ಮೇಲ್ಸೇತುವೆ ಇದ್ದರೂ ಜೋರು ಮಳೆ ಬಂದ ದಿನ ಕೆಳಗೆ ನೀರು ನಿಲ್ಲುವುದು ಊರಿಗೇ ಗೊತ್ತು.

ಜೋಕಟ್ಟೆ, ಕಳವಾರು ಕಡೆ ಬೆಲೆ ಇನ್ನೂ ಕಡಿಮೆ. ಎಂಆರ್‌ಪಿಎಲ್‌ನ ಕೋಕ್ ಘಟಕದ ಧೂಳಿನ ವಿರುದ್ಧ ಜನ ಬೀದಿಗಿಳಿದಿದ್ದು ಅಲ್ಲೇ. ಚಿಕ್ಕ ಮಗು, ಅದರಲ್ಲೂ ಕೆಮ್ಮು ದಮ್ಮು ಇರುವ ಮಗು ಇದ್ದರೆ ನಾನು ಆ ಕಡೆ ನೋಡುವುದೇ ಇಲ್ಲ. ಬೈಕಂಪಾಡಿ ಆಸುಪಾಸಿನಲ್ಲಿ ಮನೆ ನೋಡುವುದಾದರೆ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹೋಗಿ. ಗಾಳಿ ತಿರುಗಿದಾಗ ವಾಸನೆಯೂ ತಿರುಗುತ್ತದೆ.

ಈಚೆ ದಡದ ಕಾವೂರು ನನ್ನ ಮೆಚ್ಚಿನ ಆಯ್ಕೆ. ಅದಕ್ಕೆ ಕಾರಣ ದಾರಿಗಳು. ಕಾವೂರಿನಿಂದ ಪೇಟೆಗೆ ಒಂದೇ ದಾರಿ ಅಲ್ಲ. ಬೊಂದೇಲ್, ಯೆಯ್ಯಾಡಿ ಮೇಲೆ ಕೆಪಿಟಿ ಜಂಕ್ಷನ್‌ಗೆ ಬರಬಹುದು. ದೇರೇಬೈಲ್ ಮೇಲೆ ಬರಬಹುದು. ಎರಡೂ ಬ್ಲಾಕ್ ಆದರೆ ಕೂಳೂರಿಗೆ ಇಳಿದು ಹೆದ್ದಾರಿ ಹಿಡಿಯಬಹುದು. ದೊಡ್ಡ ಆಸ್ಪತ್ರೆ ಬೇಕಾದರೆ ಕುಂಟಿಕಾನದ ಎ.ಜೆ. ಹತ್ತಿರ. ಪಣಂಬೂರು ಕಡೆ ಕೆಲಸ ಇರುವವರಿಗೂ ದೂರ ಇಲ್ಲ. ಗಂಡನಿಗೆ ಬೈಕಂಪಾಡಿ, ಹೆಂಡತಿಗೆ ಬಲ್ಮಠ ಅಂತ ಕೆಲಸ ಹಂಚಿಹೋದ ಮನೆಗೆ ಇದಕ್ಕಿಂತ ಒಳ್ಳೆಯ ನಡುಜಾಗ ಸಿಗುವುದು ಕಷ್ಟ. ಬೆಲೆ ತೊಕ್ಕೊಟ್ಟಿಗಿಂತ ಜಾಸ್ತಿ, ಬಿಜೈಗಿಂತ ಎಷ್ಟೋ ಕಡಿಮೆ. ತೊಂದರೆ ಇಲ್ಲ ಅಂತಲ್ಲ. ರಸ್ತೆ ಇಕ್ಕಟ್ಟು, ಫುಟ್‌ಪಾತ್ ಹೆಸರಿಗೆ ಮಾತ್ರ. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿ ವಾಕಿಂಗ್ ಹೋಗುವ ಕನಸು ಇದ್ದರೆ ಅದನ್ನು ಬಿಡಬೇಕು. ಕೋಡಿಕಲ್, ಮಾಲೆಮಾರ್ ಕಡೆ ನೋಡುವವರು ತೋಡಿನ ಪಕ್ಕದ ಮನೆಗಳ ಗೋಡೆ ನೋಡಿ. ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಬಣ್ಣ ಬದಲಾದ ಗೆರೆ ಇದ್ದರೆ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಗೋಡೆಯೇ ಹೇಳುತ್ತದೆ.

ಇನ್ನೂ ಮುಂದೆ, ಮರವೂರು ಸೇತುವೆಯ ಆಚೆ ಬಜ್ಪೆ. ಜಾಗ ಅಗಲ, ಗಾಳಿ ಬೆಳಕು ಚೆನ್ನಾಗಿದೆ. ಆದರೆ 2021ರ ಜೂನ್‌ನಲ್ಲಿ ಮರವೂರು ಸೇತುವೆಯ ಕಂಬ ಕುಸಿದು ಸಂಚಾರ ನಿಂತಾಗ ಅಲ್ಲಿಯವರು ಸುತ್ತು ಹೊಡೆದು ಪೇಟೆಗೆ ಬರಬೇಕಾಯಿತು. ಒಂದೇ ಸೇತುವೆಗೆ ಜೋತು ಬಿದ್ದರೆ ಏನಾಗುತ್ತದೆ ಅಂತ ಆಗ ಎಲ್ಲರಿಗೂ ಗೊತ್ತಾಯಿತು. ವಿಮಾನ ನಿಲ್ದಾಣದಲ್ಲಿ ಕೆಲಸ ಇದ್ದವರಿಗೆ ಸರಿ.

ಪೂರ್ವ: ಕುಲಶೇಖರ, ವಾಮಂಜೂರು, ಪಡೀಲ್

ಪೇಟೆಗೆ ಹತ್ತಿರ, ಬೆಲೆಯೂ ಹದ, ಸೇತುವೆಯ ಕಾಟ ಇಲ್ಲ. ಹಾಗಾದರೆ ಶಕ್ತಿನಗರ, ಕುಲಶೇಖರವೇ ಉತ್ತರ ಅಲ್ವಾ? ಬಹಳ ಮಟ್ಟಿಗೆ ಹೌದು. ಇಲ್ಲಿ ಸೇತುವೆಯ ಬದಲು ನಂತೂರು ಇದೆ. ನಂತೂರು ಸರ್ಕಲ್ ಬಗ್ಗೆ ವರ್ಷಗಳಿಂದ ಯೋಜನೆ, ಕಾಮಗಾರಿ, ಗಡುವು ಎಲ್ಲ ಕೇಳುತ್ತಲೇ ಇದ್ದೇವೆ. ಅಲ್ಲಿ ಬೆಳಿಗ್ಗೆ ಬಸ್ಸು, ಲಾರಿ, ಸ್ಕೂಟರ್ ಎಲ್ಲ ಒಟ್ಟಿಗೆ ನುಗ್ಗುತ್ತವೆ. ಆದರೂ ನಂತೂರು ದಾಟಿದರೆ ಕದ್ರಿ, ಮಲ್ಲಿಕಟ್ಟೆ ಎದುರಿಗೇ. ಬ್ಲಾಕ್ ಆದರೂ ಇಪ್ಪತ್ತು ನಿಮಿಷ ತಡ ಆಗಬಹುದು, ಒಂದು ಗಂಟೆ ಆಗುವುದಿಲ್ಲ. ಸಂಜೆ ಮಗುವನ್ನು ಕದ್ರಿ ಪಾರ್ಕಿಗೆ ಕರೆದುಕೊಂಡು ಹೋಗಿ ಊಟದ ಹೊತ್ತಿಗೆ ಮನೆ ಸೇರಬಹುದು. ಈ ಒಂದು ಸುಖ ಸುರತ್ಕಲ್‌ನವರಿಗೂ ದೇರಳಕಟ್ಟೆಯವರಿಗೂ ಇಲ್ಲ.

ವಾಮಂಜೂರು ಇನ್ನಷ್ಟು ಅಗ್ಗ. ಪಿಲಿಕುಳ ನಿಸರ್ಗಧಾಮ ಪಕ್ಕದಲ್ಲೇ ಇದೆ. ಮಕ್ಕಳಿಗೆ ಭಾನುವಾರ ಎಲ್ಲಿಗೆ ಅನ್ನುವ ಪ್ರಶ್ನೆಯೇ ಇಲ್ಲ. ಒಂದೇ ಎಚ್ಚರಿಕೆ, ಪಚ್ಚನಾಡಿಯ ಕಸದ ಯಾರ್ಡ್ ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿದೆ ಅಂತ ನಕ್ಷೆಯಲ್ಲಿ ನೋಡಿಕೊಳ್ಳಿ. 2019ರ ಆಗಸ್ಟ್‌ನಲ್ಲಿ ಅಲ್ಲಿನ ಕಸದ ರಾಶಿ ಜರಿದು ಕೆಳಗಿನ ಮಂದಾರ ಎಂಬ ಊರಿನ ತೋಟ, ಮನೆಗಳ ಮೇಲೆ ಹರಿಯಿತು. ಆ ಕಡೆಯ ಬಾವಿ ನೀರನ್ನು ಪರೀಕ್ಷೆ ಮಾಡಿಸದೆ ಅಡ್ವಾನ್ಸ್ ಕೊಡಬೇಡಿ.

ಪಡೀಲ್ ಬದಲಾಗುತ್ತಿದೆ. 2025ರ ಮೇಯಲ್ಲಿ ಜಿಲ್ಲಾಧಿಕಾರಿ ಕಚೇರಿ ಇರುವ ‘ಪ್ರಜಾಸೌಧ’ ಅಲ್ಲಿ ಉದ್ಘಾಟನೆ ಆಯಿತು. ಮಂಗಳೂರು ಜಂಕ್ಷನ್ ರೈಲ್ವೆ ಸ್ಟೇಷನ್ ಹತ್ತಿರ. ಸರಕಾರಿ ನೌಕರಿಯವರಿಗೆ ಪಡೀಲ್, ಬಜಾಲ್, ಕಣ್ಣೂರು ಒಳ್ಳೆಯ ಆಯ್ಕೆ. ಬಾಡಿಗೆ ಏರುವ ಮೊದಲು ನೋಡುವುದು ಒಳ್ಳೆಯದು. ರೈಲ್ವೆ ಅಂಡರ್‌ಪಾಸ್‌ನಲ್ಲಿ ಮಳೆ ನೀರು ನಿಲ್ಲುತ್ತದೆ, ಅದೊಂದು ಕಿರಿಕಿರಿ. ಇನ್ನೂ ಮುಂದೆ ಬಿ.ಸಿ. ರೋಡ್ ವರೆಗೆ ಹೋದರೆ ಮನೆ ಖಂಡಿತ ಅಗ್ಗ. ಆದರೆ ಬ್ರಹ್ಮರಕೂಟ್ಲುವಿನ ಟೋಲ್ ಗೇಟ್ ಈಚೆಗಿದೆ. ಕಾರಿನಲ್ಲಿ ದಿನಾ ಓಡಾಡುವವರು ಅದನ್ನೂ ಬಾಡಿಗೆಗೆ ಸೇರಿಸಿ ಲೆಕ್ಕ ಹಾಕಿ.

ಅಗ್ಗದ ಮನೆಯ ದುಬಾರಿ ಲೆಕ್ಕ

ಹದಿನೈದು ಕಿಲೋಮೀಟರ್ ದೂರದ ಮನೆ. ಹೋಗಿ ಬರುವುದು ಮೂವತ್ತು. ತಿಂಗಳಿಗೆ 25 ದಿನ ಅಂದರೆ 750 ಕಿಲೋಮೀಟರ್. ಲೀಟರಿಗೆ 45 ಕೊಡುವ ಸ್ಕೂಟರ್‌ಗೆ ಸುಮಾರು 17 ಲೀಟರ್, ನೂರರ ಆಸುಪಾಸಿನ ಪೆಟ್ರೋಲ್ ದರದಲ್ಲಿ 1,700 ರೂಪಾಯಿ. ಇಬ್ಬರಿಗೂ ಬೇರೆ ಬೇರೆ ಸ್ಕೂಟರ್ ಆದರೆ 3,400. ಮಳೆಗಾಲದಲ್ಲಿ ಮಗು ಇದೆ ಅಂತ ಕಾರು ತೆಗೆದರೆ, 15 ಕಿಲೋಮೀಟರ್ ಮೈಲೇಜಿನ ಕಾರಿಗೆ ತಿಂಗಳಿಗೆ 50 ಲೀಟರ್, 5,000 ರೂಪಾಯಿ. ಶಾಲೆಯ ವ್ಯಾನ್ ಬೇರೆ. ದೂರ ಹೋಗಿ ಬಾಡಿಗೆಯಲ್ಲಿ ನಾಲ್ಕು ಸಾವಿರ ಉಳಿಸಿದವರಿಗೆ ಕೈಯಲ್ಲಿ ಏನು ಉಳಿಯಿತು? ಡೇ ಕೇರ್ ಸಂಜೆ ಆರಕ್ಕೆ ಬಾಗಿಲು ಹಾಕುತ್ತದೆ, ನೀವು ಕೂಳೂರು ಸೇತುವೆಯಲ್ಲಿ ನಿಂತಿದ್ದೀರಿ. ಆ ಹೊತ್ತಿನ ಟೆನ್ಷನ್‌ಗೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ. ಅಜ್ಜ ಅಜ್ಜಿ ಇರುವ ಮನೆಗೆ ಹತ್ತಿರ ಇರುವುದು ಎಷ್ಟೋ ಸಲ ಈ ಎಲ್ಲ ಲೆಕ್ಕವನ್ನು ಮೀರಿಸುತ್ತದೆ.

ನೀರಿನ ಮಾತು. ಪಾಲಿಕೆಯ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಇಷ್ಟು ಮಳೆ ಬರುವ ಊರಲ್ಲಿ 2016 ಮತ್ತು 2019ರ ಬೇಸಿಗೆಯಲ್ಲಿ ರೇಷನಿಂಗ್ ಮಾಡಬೇಕಾಯಿತು ಮಾರಾಯ್ರೆ! ಪೈಪಿನ ತುದಿಯಲ್ಲಿರುವ ಮನೆಗಳಿಗೆ, ಎತ್ತರದ ಮನೆಗಳಿಗೆ ಮೊದಲು ಬಿಸಿ ತಟ್ಟುತ್ತದೆ. ಫ್ಲ್ಯಾಟ್ ನೋಡುವಾಗ ಈಜುಕೊಳ, ಜಿಮ್ ಆಮೇಲೆ. ಬಾವಿ ಇದೆಯಾ, ಮೇ ತಿಂಗಳಲ್ಲಿ ಎಷ್ಟು ಟ್ಯಾಂಕರ್ ತರಿಸಿದ್ದರು, ದುಡ್ಡು ಯಾರು ಕೊಟ್ಟರು ಅಂತ ಅಲ್ಲಿನ ವಾಚ್‌ಮನ್‌ನನ್ನು ಕೇಳಿ. ಅಸೋಸಿಯೇಷನ್‌ನವರಿಗಿಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಕೊಳ್ಳುವುದಾದರೆ

ನನ್ನನ್ನು ಕೇಳಿದರೆ ಮೊದಲ ವರ್ಷ ಬಾಡಿಗೆಗೆ ಇರಿ. ಒಂದು ಪೂರ್ತಿ ಮಳೆಗಾಲ, ಒಂದು ಏಪ್ರಿಲ್-ಮೇ ಆ ಏರಿಯಾದಲ್ಲಿ ಕಳೆಯಿರಿ. ಮಳೆಗೆ ಡಿಸಿ ಶಾಲೆಗೆ ರಜೆ ಕೊಟ್ಟ ದಿನ ನಿಮಗೆ ರಜೆ ಇರುವುದಿಲ್ಲ. ಆ ದಿನ ಮಗುವನ್ನು ಯಾರ ಹತ್ತಿರ ಬಿಡುತ್ತೀರಿ ಅನ್ನುವುದು ಗೊತ್ತಾದರೆ ಏರಿಯಾದ ಅರ್ಧ ಪರಿಚಯ ಆದ ಹಾಗೆ. ಪಕ್ಕದ ಮನೆಯ ಮಕ್ಕಳ ಜೊತೆ ಆಡಿ ನಿಮ್ಮ ಮಗು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಮಾತಾಡಲು ಶುರು ಮಾಡಿದರೆ ಉಳಿದರ್ಧ ಪರಿಚಯವೂ ಆಯಿತು.

ಆಮೇಲೆ ಕಾಗದ. ಪಾಲಿಕೆ, ನಗರಸಭೆ ವ್ಯಾಪ್ತಿಯಾದರೆ ಇ-ಖಾತಾ ಇಲ್ಲದೆ ಮುಂದುವರಿಯಬೇಡಿ. ಮುನ್ನೂರು, ಕೊಣಾಜೆ, ಅಡ್ಯಾರ್ ಹಾಗೆ ಗ್ರಾಮ ಪಂಚಾಯತ್ ಆದರೆ ‘9/11 ಆಗಿದೆಯಾ’ ಅಂತಲೇ ಕೇಳಿ, ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಪಂಚಾಯತ್ ಕೊಡುವ ಆಸ್ತಿ ದಾಖಲೆಯ ನಮೂನೆ 9 ಮತ್ತು 11 ಅದು. ಆರ್‌ಟಿಸಿ (ಪಹಣಿ), ಕನ್ವರ್ಷನ್ (ಭೂ ಪರಿವರ್ತನೆ ಆದೇಶ), ಇ.ಸಿ. (ಋಣಭಾರ ಪತ್ರ) ಮೂರನ್ನೂ ವಕೀಲರಿಗೆ ತೋರಿಸಿ. ಜಾಗ 500 ಚದರ ಮೀಟರ್ ಮೀರಿದ್ದರೆ ಅಥವಾ ಎಂಟಕ್ಕಿಂತ ಜಾಸ್ತಿ ಫ್ಲ್ಯಾಟ್ ಇದ್ದರೆ ಹೊಸ ಪ್ರಾಜೆಕ್ಟ್ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿರಬೇಕು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. ಸ್ಟ್ಯಾಂಪ್ ಡ್ಯೂಟಿ ಬೇರೆ. ಹಳೆಯ ಲೆಕ್ಕ ಹಿಡಿದು ಸಾಲಕ್ಕೆ ಹೋದರೆ ಕೊನೆಗೆ ಕೈ ಸಾಲ ಮಾಡಬೇಕಾದೀತು.

ಬಿಡಿ ಮನೆ, ಸೈಟು ನೋಡುವವರು ದಾರಿ ಪತ್ರದಲ್ಲಿದೆಯಾ ನೋಡಿ. ಈ ಜಿಲ್ಲೆಯಲ್ಲಿ ಎಷ್ಟೋ ಮನೆಗಳಿಗೆ ಹೋಗುವ ದಾರಿ ಇನ್ನೊಬ್ಬರ ತೋಟದ ಅಂಚಿನಲ್ಲಿರುತ್ತದೆ. ಅಪ್ಪನ ಕಾಲದಲ್ಲಿ ಬಾಯಿಮಾತಿಗೆ ಬಿಟ್ಟ ದಾರಿಗೆ ಮಗನ ಕಾಲದಲ್ಲಿ ಗೇಟು ಬೀಳುತ್ತದೆ. ಎಷ್ಟು ಅಡಿ ಅಗಲ, ಯಾವ ಸರ್ವೆ ನಂಬರಿನಲ್ಲಿ, ವಾಹನ ಹೋಗುವ ಹಕ್ಕು ಇದೆಯಾ ಅಥವಾ ಕಾಲುದಾರಿ ಮಾತ್ರವಾ ಅನ್ನುವುದು ಕ್ರಯಪತ್ರದಲ್ಲೇ ಬರಬೇಕು. ಬಾವಿಯಲ್ಲಿ ಪಾಲು ಇದ್ದರೆ ಅದೂ ಬರಬೇಕು. ಸೆಂಟ್ಸ್ ಲೆಕ್ಕ ಹಾಕುವಾಗ ಒಂದು ಸೆಂಟ್ಸ್ ಅಂದರೆ 435.6 ಚದರಡಿ. ಐದು ಸೆಂಟ್ಸ್ ಅಂತ ಹೇಳಿದ ಜಾಗದಲ್ಲಿ ಆ ದಾರಿಯೂ ಸೇರಿಬಿಟ್ಟಿದೆಯಾ ಅಂತ ಟೇಪ್ ಹಿಡಿದು ಅಳೆದೇ ಅಡ್ವಾನ್ಸ್ ಕೊಡಿ.